ಓಟವನ್ನು ಹಿಡಿಯುವುದು, ಹಿಡಿದದ್ದನ್ನು ಬಿಡದಿರುವುದು: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಓಡಬೇಕು ಎಂದು ನಿರ್ಧರಿಸಿದವರಲ್ಲಿ ಅನೇಕರು ಓಡಿಯೇ ಓಡುತ್ತಾರೆ. ಒಂದು ವಾರವೋ ಎರಡು ವಾರವೋ ಓಡಿ, ಆಮೇಲೆ ನಿಲ್ಲಿಸುತ್ತಾರೆ. ಕೇಳಿದರೆ "ನನಗೆ ಅಷ್ಟು ಮನೋಬಲವಿಲ್ಲ" ಎನ್ನುತ್ತಾರೆ. ಸುತ್ತಲಿನವರು ಆರಂಭಶೂರತ್ವ ಎಂದುಬಿಡುತ್ತಾರೆ. ಎರಡೂ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ದಿನವೇ ದಮ್ಮು ಕಟ್ಟುವಂತೆ ಓಡಿ, ಎರಡನೆಯ ದಿನ ಮೀನಖಂಡ ಒತ್ತಿಕೊಳ್ಳುತ್ತ ಕುಳಿತು, ಮೂರನೆಯ ದಿನ ಮತ್ತೆ ಅದೇ ಯಾತನೆಗೆ ಮೈಯೊಡ್ಡಬೇಕು ಎಂದಾಗ ಯಾರ ಮನಸ್ಸಾದರೂ ಹಿಂಜರಿಯುತ್ತದೆ. ಆ ಮನಸ್ಸು ಲೆಕ್ಕವನ್ನು ಸರಿಯಾಗಿಯೇ ಹಾಕಿದೆ. ತಿದ್ದಬೇಕಾದದ್ದು ಓಡಿದ ರೀತಿಯನ್ನು.

ಹುಮ್ಮಸ್ಸು ಬರಲಿ, ಆಮೇಲೆ ಓಡೋಣ ಎಂದು ಕಾದರೆ ಅದು ಬರುವುದಿಲ್ಲ. ಹಿತವಾಗಿ ಓಡಿದ ಒಂದು ಓಟವೇ ಮುಂದಿನ ಓಟಕ್ಕೆ ಬೇಕಾದ ಹುಮ್ಮಸ್ಸನ್ನು ಹುಟ್ಟಿಸುತ್ತದೆ. ಹೀಗಾಗಿ ಹೊಸಬರು ಎಲ್ಲಕ್ಕಿಂತ ಜೋಪಾನವಾಗಿ ಕಾಪಾಡಿಕೊಳ್ಳಬೇಕಾದದ್ದು ನಾಡಿದ್ದು ಮತ್ತೆ ಹೋಗಬೇಕು ಎನ್ನುವ ಆಸೆಯನ್ನು. ವೇಗ, ದೂರ, ತೂಕ ಎಲ್ಲವೂ ಅದರ ಹಿಂದೆ ಬರಲಿ. ಕೆಳಗಿನ ಹಂತಗಳೆಲ್ಲವೂ ಆ ಆಸೆಯನ್ನು ಉಳಿಸಿಕೊಳ್ಳುವ ಉಪಾಯಗಳು. ಎಂದೂ ಓಡದವರಿಗೂ, ಶಾಲೆ ಬಿಟ್ಟ ಮೇಲೆ ಓಟ ಮರೆತವರಿಗೂ, ಶುರು ಮಾಡಿ ಕೈಬಿಟ್ಟವರಿಗೂ ಇವು ಒಂದೇ ರೀತಿ ಅನ್ವಯಿಸುತ್ತವೆ.

ಹಂತ 1: ನಿಮ್ಮದೇ ಆದ ಕಾರಣವನ್ನು ಹುಡುಕಿ

ಓಟಕ್ಕೆ ಕಾರಣಗಳು ಎರಡು ಬಗೆಯವು. ತೂಕ ಇಳಿಯಬೇಕು, ರಕ್ತದೊತ್ತಡ ಹತೋಟಿಗೆ ಬರಬೇಕು, ಮುಪ್ಪಿನಲ್ಲಿ ಯಾರಿಗೂ ಭಾರವಾಗಬಾರದು ಎನ್ನುವಂಥವು ದೂರದ ಕಾರಣಗಳು. ಅವುಗಳ ಫಲ ಕಾಣಲು ತಿಂಗಳುಗಳು, ಕೆಲವಕ್ಕೆ ವರ್ಷಗಳೇ ಬೇಕು. ಓಡಿದ ರಾತ್ರಿ ಗಾಢವಾದ ನಿದ್ದೆ ಬರುತ್ತದೆ, ಅರ್ಧ ಗಂಟೆ ಯಾರೂ ನನ್ನಿಂದ ಏನನ್ನೂ ಕೇಳುವುದಿಲ್ಲ, ತಲೆಯಲ್ಲಿ ಸುತ್ತುತ್ತಿದ್ದ ಚಿಂತೆ ಸ್ವಲ್ಪ ಸಡಿಲವಾಗುತ್ತದೆ ಎನ್ನುವಂಥವು ಹತ್ತಿರದ ಕಾರಣಗಳು. ಇವುಗಳ ಫಲ ಅದೇ ದಿನ ಕೈಸೇರುತ್ತದೆ. ದೂರದ ಕಾರಣ ನಿಮ್ಮನ್ನು ಮೊದಲ ಸಲ ಹೊರಗೆ ಕಳಿಸೀತು. ಮೋಡ ಕವಿದ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ಶಕ್ತಿ ಇರುವುದು ಹತ್ತಿರದ ಕಾರಣಕ್ಕೆ.

ಮನುಷ್ಯನ ಪ್ರೇರಣೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್, ಯಾವುದೇ ಕೆಲಸದಲ್ಲಿ ಮನಸ್ಸು ನಿಲ್ಲಲು ಮೂರು ಸಂಗತಿಗಳು ಬೇಕು ಎನ್ನುತ್ತಾರೆ. ಇದು ನನ್ನದೇ ಆಯ್ಕೆ ಎನ್ನುವ ಭಾವ, ನನಗೆ ಇದು ಕೈಹಿಡಿಯುತ್ತಿದೆ ಎನ್ನುವ ಅನುಭವ, ಇತರರೊಂದಿಗೆ ಒಂದು ನಂಟು. ಯಾರೋ ಹೀಯಾಳಿಸಿದರು ಎಂದು ಓಡಲು ಹೊರಟವರಲ್ಲಿ ಮೊದಲನೆಯದೇ ಇರುವುದಿಲ್ಲ. ಸಿಟ್ಟು, ನಾಚಿಕೆ, ತಪ್ಪಿತಸ್ಥ ಭಾವ ಇವು ಓಟಕ್ಕೆ ತಳ್ಳಬಲ್ಲವು, ಆದರೆ ಬಹಳ ದೂರ ಜೊತೆಗೆ ಬರಲಾರವು.

ತೂಕದ ಬಗ್ಗೆ ಒಂದು ಮಾತನ್ನು ನೇರವಾಗಿ ಹೇಳಬೇಕು, ಏಕೆಂದರೆ ಬಹಳ ಜನ ಅದೊಂದನ್ನೇ ನೆಚ್ಚಿಕೊಂಡು ಬರುತ್ತಾರೆ. ಓಡುವಾಗ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋ ತೂಕದವರು 5 ಕಿಲೋಮೀಟರ್ ಓಡಿದರೆ ಅಂದಾಜು 300 ಕಿಲೋಕ್ಯಾಲೊರಿ. ಒಂದು ಹೊತ್ತಿನ ಊಟಕ್ಕೆ ಇನ್ನಷ್ಟು ಬಡಿಸಿಕೊಂಡರೆ ಅದು ಮರಳಿ ಬಂದಂತೆಯೇ. ತಿಂಗಳು ಕಳೆದರೂ ತೂಕದ ಯಂತ್ರದ ಮುಳ್ಳು ಅಲುಗಾಡದಿದ್ದಾಗ "ಇಷ್ಟು ಓಡಿಯೂ ಏನು ಬಂತು" ಎನಿಸುತ್ತದೆ. ಹೃದಯ, ನಿದ್ದೆ, ಮನಸ್ಸು ಇವುಗಳಿಗೆ ಅಷ್ಟರಲ್ಲಿ ಸಿಕ್ಕಿರುವ ಲಾಭವನ್ನು ಆ ಯಂತ್ರ ತೋರಿಸುವುದಿಲ್ಲ. ತೂಕ ನಿಮ್ಮ ಕಾರಣಗಳಲ್ಲಿ ಒಂದಾಗಿರಲಿ, ಏಕೈಕ ಕಾರಣವಾಗುವುದು ಬೇಡ.

ಕಾರಣ ದೊಡ್ಡದಾಗಿರಬೇಕೆಂದಿಲ್ಲ, ಪ್ರಾಮಾಣಿಕವಾಗಿರಬೇಕು. ಪಾಸ್‌ಪೋರ್ಟ್ ಪ್ರಕಾರ 1911ರಲ್ಲಿ ಹುಟ್ಟಿದ ಫೌಜಾ ಸಿಂಗ್ ಇಳಿವಯಸ್ಸಿನಲ್ಲಿ ಓಟ ಹಿಡಿದದ್ದು ಮಗನನ್ನು ಕಳೆದುಕೊಂಡ ದುಃಖವನ್ನು ತಾಳಿಕೊಳ್ಳಲು. 2000ದಲ್ಲಿ ಅವರು ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ ಟೊರಾಂಟೊದಲ್ಲಿ 42.195 ಕಿಲೋಮೀಟರ್ ದೂರವನ್ನು ಪೂರೈಸಿದರು. ದಾಖಲೆಯ ಆಸೆಯಿಂದ ಆರಂಭವಾಗಿದ್ದರೆ ಆ ಓಟ ಅಷ್ಟು ವರ್ಷ ಬಾಳುತ್ತಿತ್ತೇ ಎಂದು ನನಗೆ ಅನುಮಾನ.

ಈಗ ಒಂದು ಹಾಳೆ ತೆಗೆದುಕೊಂಡು "ನಾನು ಓಡಿದ ದಿನ ನನಗೆ ಏನು ಸಿಗಬೇಕು?" ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ವರ್ಷದ ಕೊನೆಗೆ ಸಿಗಬೇಕಾದದ್ದನ್ನು ಬರೆಯಬೇಡಿ, ಆ ದಿನ ಸಿಗಬೇಕಾದದ್ದನ್ನೇ ಬರೆಯಿರಿ. ಉತ್ತರ ಹೊಳೆಯದಿದ್ದರೆ ಹಾಳೆಯನ್ನು ಖಾಲಿ ಬಿಟ್ಟು ಓಡಲು ಹೋಗಿ. ಕೆಲವರಿಗೆ ಅದು ಎರಡು ವಾರ ಓಡಿದ ಮೇಲೆ ತಾನಾಗಿಯೇ ತಿಳಿಯುತ್ತದೆ.

ಹಂತ 2: ಸಿದ್ಧತೆ ಸಾಕಷ್ಟಿರಲಿ, ಅತಿಯಾಗದಿರಲಿ

ಹೃದ್ರೋಗ, ಮಧುಮೇಹ, ರಕ್ತದೊತ್ತಡ ಇದ್ದವರು, ಎದೆನೋವು ಅಥವಾ ತಲೆಸುತ್ತು ಅನುಭವಿಸಿದವರು, ಗರ್ಭಿಣಿಯರು, ಬಹುಕಾಲ ಮೈಯಾಡಿಸದೆ ಇದ್ದ ನಡುವಯಸ್ಸಿನವರು ಮೊದಲು ವೈದ್ಯರನ್ನು ಕಾಣಬೇಕು. ಇದು ವಾಡಿಕೆಯ ಎಚ್ಚರಿಕೆಯ ಮಾತೆಂದು ದಾಟಿ ಹೋಗಬೇಡಿ.

ಬೂಟುಗಳು ಕಾಲಿಗೆ ಹಿತವಾಗಿರಬೇಕು, ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ತೊಟ್ಟ ಕೂಡಲೇ ಚುಚ್ಚುವ ಬೂಟು ಓಡುತ್ತ ಓಡುತ್ತ ಸರಿಹೋಗುವುದಿಲ್ಲ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಅದರ ಮೆತ್ತೆ ಸೋಲುತ್ತದೆ. ಮಹಿಳೆಯರಿಗೆ ಎದೆಗೆ ಸರಿಯಾದ ಆಧಾರ ಕೊಡುವ ಕ್ರೀಡಾ ಒಳಉಡುಪು ಬೂಟಿನಷ್ಟೇ ಅಗತ್ಯ. ಇಷ್ಟು ಸಾಕು. ಗಡಿಯಾರ, ಬೆಲ್ಟು, ವಿಶೇಷ ಉಡುಪುಗಳನ್ನು ಹುಡುಕುತ್ತ ಕುಳಿತರೆ ಓಟವನ್ನು ಮುಂದೂಡುವುದಕ್ಕೆ ಅದೂ ಒಂದು ದಾರಿಯಾಗುತ್ತದೆ.

ಹಂತ 3: ನಿಧಾನವಾಗಿ ಓಡಿ, ಅದಕ್ಕಿಂತಲೂ ನಿಧಾನವಾಗಿ ಓಡಿ

ಈ ಬರಹದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ವ್ಯಾಯಾಮದ ಸಮಯದಲ್ಲಿ ಮನುಷ್ಯನಿಗೆ ಏನನಿಸುತ್ತದೆ ಎಂಬುದನ್ನು ಪ್ಯಾಂಟೆಲೇಮನ್ ಎಕ್ಕೆಕಾಕಿಸ್ ಎಂಬ ಸಂಶೋಧಕರು ಬಹಳ ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ. ಅವರ ಕೆಲಸದಿಂದ ತಿಳಿದುಬಂದ ಮುಖ್ಯ ಸಂಗತಿ ಇದು: ಶ್ರಮ ಒಂದು ಮಿತಿಯೊಳಗೆ ಇದ್ದಾಗ ಹೆಚ್ಚಿನವರಿಗೆ ಹಿತವೆನಿಸುತ್ತದೆ; ಉಸಿರಾಟ ಏಕಾಏಕಿ ಬಿರುಸಾಗುವ, ಮಾತಾಡಲು ಕಷ್ಟವಾಗುವ ಗಡಿಯನ್ನು ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಆ ಹಿತ ಕುಸಿಯುತ್ತದೆ. ಓಡುವ ಅಭ್ಯಾಸವಿಲ್ಲದವರಿಗೆ ಈ ಗಡಿ ಬಹಳ ಹತ್ತಿರದಲ್ಲಿರುತ್ತದೆ. ಚುರುಕಾದ ನಡಿಗೆಯಿಂದ ಸ್ವಲ್ಪ ಮೇಲೆ ಹೋದರೆ ಸಾಕು, ದಾಟಿಬಿಟ್ಟಿರುತ್ತಾರೆ. "ಓಟ ನನಗೆ ಹೇಳಿಸಿದ್ದಲ್ಲ" ಎನ್ನುವವರಲ್ಲಿ ಬಹಳ ಮಂದಿ ಆ ಗಡಿಯ ಈಚೆ ಎಂದೂ ಓಡಿಯೇ ಇಲ್ಲ. ಶಾಲೆಯಲ್ಲಿ ಓಟವೆಂದರೆ ಸ್ಪರ್ಧೆ, ಬಸ್ಸಿನ ಹಿಂದೆ ಓಟವೆಂದರೆ ಗಾಬರಿ. ಹಿತವಾದ ಓಟವೊಂದಿದೆ ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಗಡಿಯನ್ನು ಗುರುತಿಸಲು ಯಾವ ಉಪಕರಣವೂ ಬೇಡ. ಓಡುತ್ತಲೇ ಒಂದು ಪೂರ್ಣ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ನಡುವೆ ಉಸಿರು ಎಳೆಯದೆ ಹೇಳಲು ಆದರೆ ವೇಗ ಸರಿಯಿದೆ. ಎರಡು ಮೂರು ಪದಗಳಿಗೆ ಏದುಸಿರು ಬಂದರೆ ನಿಧಾನಿಸಿ. ನಿಧಾನಿಸಿಯೂ ಆಗದಿದ್ದರೆ ನಡೆಯಿರಿ. ನಿಮ್ಮ ಓಟ ಪಕ್ಕದಲ್ಲಿ ಬಿರುಸಾಗಿ ನಡೆಯುವವರಿಗಿಂತ ಹೆಚ್ಚು ವೇಗವಾಗಿಲ್ಲ ಎನಿಸಿದರೂ ಚಿಂತೆಯಿಲ್ಲ. ಎರಡೂ ಕಾಲುಗಳು ಒಂದು ಕ್ಷಣ ನೆಲ ಬಿಟ್ಟರೆ ಅದು ಓಟವೇ.

ವೇಗ ಸರಿಯಾಗಿದ್ದರೂ ಮೊದಲ ಕೆಲವು ನಿಮಿಷ ಅಹಿತವಾಗಿಯೇ ಇರುತ್ತವೆ ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. ಓಟ ಶುರುವಾದ ಕ್ಷಣದಲ್ಲೇ ಸ್ನಾಯುಗಳು ಹೆಚ್ಚು ಆಮ್ಲಜನಕ ಬೇಡುತ್ತವೆ. ಹೃದಯ ಮತ್ತು ಶ್ವಾಸಕೋಶಗಳು ಆ ಬೇಡಿಕೆಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಆ ನಡುವಿನ ಕೊರತೆಯೇ ಕಾಲಿನಲ್ಲಿ ಭಾರವಾಗಿ, ಎದೆಯಲ್ಲಿ ಬಿಗಿತವಾಗಿ ಅನುಭವಕ್ಕೆ ಬರುತ್ತದೆ. ಸ್ನಾಯುಗಳು ಬೆಚ್ಚಗಾಗಿ ಲಯ ಸಿಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ವರ್ಷಗಟ್ಟಲೆ ಓಡಿದವರಿಗೂ ಇದು ತಪ್ಪಿದ್ದಲ್ಲ. ಹಾಗಾಗಿ ಐದು ನಿಮಿಷದ ನಡಿಗೆಯಿಂದಲೇ ಶುರುಮಾಡಿ, ಮೊದಲ ಹತ್ತು ನಿಮಿಷಗಳ ಅನುಭವವನ್ನು ಹಿಡಿದು ಆ ದಿನದ ಓಟಕ್ಕೆ ತೀರ್ಪು ಕೊಡಬೇಡಿ.

ಮನೆಯಲ್ಲಿ ಕುಳಿತು "ಇವತ್ತು ಹೋಗಲೋ ಬೇಡವೋ" ಎಂದು ಯೋಚಿಸುವಾಗಲೂ ನಮ್ಮ ಕಣ್ಣೆದುರು ಬರುವುದು ಅದೇ ಮೊದಲ ನಿಮಿಷಗಳು. ಮ್ಯಾಥ್ಯೂ ರೂಬಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದಿಂದ ತಮಗೆ ಸಿಗುವ ಸಂತೋಷವನ್ನು ಜನ ಮುಂಚಿತವಾಗಿ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಕಂಡುಬಂತು. ಕಾರಣ, ಅವರ ಗಮನ ಅಹಿತವಾದ ಆರಂಭದ ಮೇಲೆಯೇ ನೆಟ್ಟಿರುತ್ತದೆ. ಮುಂದಿನ ಸಲ ಮನಸ್ಸು ಬೇಡವೆಂದಾಗ ಆರಂಭವನ್ನು ಬಿಟ್ಟು ಮುಗಿದ ಮೇಲಿನ ಅರ್ಧ ಗಂಟೆಯನ್ನು ನೆನೆದುಕೊಳ್ಳಿ: ಬೆವರು ಆರುತ್ತಿರುವಾಗಿನ ಆ ಹಗುರ, ಸ್ನಾನದ ನೀರು, ಹಸಿವು.

ಓಟದ ಕೊನೆಯ ಬಗ್ಗೆಯೂ ಇಂಥದೇ ಒಂದು ಉಪಾಯವಿದೆ. ಝಾಕರಿ ಝೆಂಕೊ, ಎಕ್ಕೆಕಾಕಿಸ್ ಮತ್ತು ಡ್ಯಾನ್ ಏರಿಯಲಿ 2016ರಲ್ಲಿ ನಡೆಸಿದ ಪ್ರಯೋಗದಲ್ಲಿ ಒಂದು ಗುಂಪು 15 ನಿಮಿಷ ವ್ಯಾಯಾಮದ ಸೈಕಲನ್ನು ಶ್ರಮ ಏರಿಸುತ್ತ ತುಳಿಯಿತು, ಇನ್ನೊಂದು ಗುಂಪು ಇಳಿಸುತ್ತ ತುಳಿಯಿತು. ಇಳಿಸುತ್ತ ಮುಗಿಸಿದವರಿಗೆ ಆ ವ್ಯಾಯಾಮ ಹೆಚ್ಚು ಹಿತವಾದ ನೆನಪಾಗಿ ಉಳಿಯಿತು. ಕೊನೆಯ ನೂರು ಮೀಟರನ್ನು ಜೀವ ಬಿಟ್ಟು ಓಡುವ ಹುಚ್ಚು ಹೊಸಬರಲ್ಲಿ ಬಹಳ. ಅದನ್ನು ಬಿಟ್ಟುಬಿಡಿ. ಕೊನೆಯ ಐದು ನಿಮಿಷವನ್ನು ಇಡೀ ಓಟದಲ್ಲೇ ಅತ್ಯಂತ ಹಗುರವಾಗಿಸಿ, ಇನ್ನೂ ಸ್ವಲ್ಪ ಓಡಬಹುದಿತ್ತು ಎನಿಸುವಾಗಲೇ ನಿಲ್ಲಿಸಿ.

ಓಟಗಾರರು ಹೇಳುವ ಆ ಉಲ್ಲಾಸದ ಅಮಲು ನಿಮಗೆ ಬರದಿದ್ದರೆ ಬೇಸರಪಡಬೇಡಿ. ನೋವು ತಣಿಸಲು ದೇಹ ಸ್ರವಿಸುವ ಎಂಡಾರ್ಫಿನ್‌ಗಳೇ ಅದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್‌ಗಳ ಕೆಲಸವನ್ನು ಔಷಧಿಯಿಂದ ತಡೆದರೂ ಓಡಿದವರಿಗೆ ಉಲ್ಲಾಸವಾಯಿತು, ಆತಂಕ ಇಳಿಯಿತು. ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್‌ಗಳೆಂಬ ರಾಸಾಯನಿಕಗಳ ಕಡೆಗೆ ಈಗ ಬೆರಳು ತೋರಿಸಲಾಗುತ್ತಿದೆ. ಅದೇನೇ ಇರಲಿ, ಉಸಿರು ಸಲೀಸಾಗಿ ಅರ್ಧ ಗಂಟೆಯಾದರೂ ಓಡಬಲ್ಲವರಿಗೆ ಅದು ಆಗೊಮ್ಮೆ ಈಗೊಮ್ಮೆ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಅದನ್ನು ಬೆನ್ನಟ್ಟುವುದು ಬೇಡ.

ಹಂತ 4: ಓಟ ಮತ್ತು ನಡಿಗೆಯನ್ನು ಬೆರೆಸಿ

1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ, ಹೊಸಬರಿಗೆ ಕಲಿಸುವಾಗ ಓಟದ ನಡುನಡುವೆ ಯೋಜಿಸಿ ನಡೆಯುವ ಕ್ರಮವನ್ನು 1970ರ ದಶಕದಲ್ಲೇ ಜನಪ್ರಿಯಗೊಳಿಸಿದರು. ಸುಸ್ತಾದ ಮೇಲೆ ನಡೆಯುವುದಕ್ಕೂ ಸುಸ್ತಾಗುವ ಮೊದಲೇ ನಡೆಯುವುದಕ್ಕೂ ವ್ಯತ್ಯಾಸ ದೊಡ್ಡದು. ಮೊದಲನೆಯದರಲ್ಲಿ ಸೋತೆನೆಂಬ ಭಾವವಿದೆ, ಎರಡನೆಯದರಲ್ಲಿ ಯೋಜನೆಯಂತೆ ನಡೆದಿದೆ ಎನ್ನುವ ನೆಮ್ಮದಿಯಿದೆ. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ, ಇಂದು ಲೋಕದಾದ್ಯಂತ ಬಳಕೆಯಲ್ಲಿರುವ ಒಂಬತ್ತು ವಾರಗಳ 'ಕೌಚ್ ಟು ಫೈವ್ ಕೆ' (ಸೋಫಾದಿಂದ 5 ಕಿಲೋಮೀಟರ್ ಓಟಕ್ಕೆ) ಕಾರ್ಯಕ್ರಮವೂ ಇದೇ ಬುನಾದಿಯ ಮೇಲೆ ನಿಂತಿದೆ. ನನ್ನ ದೃಷ್ಟಿಯಲ್ಲಿ ಒಂಬತ್ತು ವಾರ ಅನೇಕರಿಗೆ ಬಿಗಿಯಾಗುತ್ತದೆ. ಹನ್ನೆರಡು ವಾರಗಳ ಈ ಪಟ್ಟಿ ಹೆಚ್ಚು ಸೌಮ್ಯ. ವಾರಕ್ಕೆ ಮೂರು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ಪ್ರತಿ ಸಲವೂ ಮೊದಲು ಮತ್ತು ಕೊನೆಗೆ ಐದೈದು ನಿಮಿಷ ನಡಿಗೆ.

- 1 ಮತ್ತು 2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಎಂಟು ಸಲ
- 3 ಮತ್ತು 4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ
- 5 ಮತ್ತು 6ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ, ಆರು ಸಲ
- 7 ಮತ್ತು 8ನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ, ನಾಲ್ಕು ಸಲ
- 9 ಮತ್ತು 10ನೇ ವಾರ: 8 ನಿಮಿಷ ಓಟ, 1 ನಿಮಿಷ ನಡಿಗೆ, ಮೂರು ಸಲ
- 11ನೇ ವಾರ: 12 ನಿಮಿಷ ಓಟ, 1 ನಿಮಿಷ ನಡಿಗೆ, ಎರಡು ಸಲ
- 12ನೇ ವಾರ: 25 ನಿಮಿಷ ನಿರಂತರ ಓಟ

ಯಾವುದಾದರೂ ವಾರ ಭಾರವೆನಿಸಿದರೆ ಅದನ್ನೇ ಇನ್ನೊಮ್ಮೆ ಮಾಡಿ. ಹನ್ನೆರಡು ವಾರ ಇಪ್ಪತ್ತಾದರೂ ನಷ್ಟವೇನಿಲ್ಲ. ಪೂರ್ತಿ ಓಡಲು ಮನಸ್ಸಿಲ್ಲದವರು ಓಟ-ನಡಿಗೆಯಲ್ಲೇ ಉಳಿಯಬಹುದು. ಹಾಗೆಯೇ ಮ್ಯಾರಥಾನ್ ಮುಗಿಸುವವರೂ ಇದ್ದಾರೆ. ವಾರಕ್ಕೆ ಮೂರು ಸಲ 25 ನಿಮಿಷ ಎಂದರೆ 75 ನಿಮಿಷ. ವಯಸ್ಕರಿಗೆ ವಾರಕ್ಕೆ 75ರಿಂದ 150 ನಿಮಿಷಗಳ ಬಿರುಸಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣದ ಹೊಸ್ತಿಲನ್ನು ನೀವು ಅಲ್ಲಿಗೆ ಮುಟ್ಟಿರುತ್ತೀರಿ.

ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ ಹೆಚ್ಚು ಓಡುವ ಆಸೆ ಬಲವಾಗುತ್ತದೆ. ಉಸಿರು ಸಲೀಸಾಗಿರುತ್ತದೆ, ಪಟ್ಟಿ ಮಕ್ಕಳಾಟದಂತೆ ಕಾಣುತ್ತದೆ. ಇಲ್ಲೇ ಎಚ್ಚರ ಬೇಕು. ಓಡತೊಡಗಿದ ಒಂದೆರಡು ವಾರಗಳಲ್ಲೇ ರಕ್ತದ ಪ್ರಮಾಣ ಹೆಚ್ಚಿ ಹೃದಯದ ಕೆಲಸ ಹಗುರವಾಗುತ್ತದೆ. ಸ್ನಾಯುಗಳು ಕೆಲವು ವಾರಗಳಲ್ಲಿ ಪಳಗುತ್ತವೆ. ಮೂಳೆಗಳು ಮತ್ತು ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೃದಯ "ಇನ್ನಷ್ಟು" ಎನ್ನುವಾಗ ಮೊಣಕಾಲ ಕೆಳಗಿನ ಮೂಳೆ ಇನ್ನೂ ಸಿದ್ಧವಾಗಿರುವುದಿಲ್ಲ. ಆ ಮೂಳೆಯ ನೋವು, ಹಿಮ್ಮಡಿಯ ನೋವು ಹುಟ್ಟುವುದು ಬಹುಪಾಲು ಈ ಅಂತರದಲ್ಲಿ. ಉತ್ಸಾಹದ ಆ ವಾರದಲ್ಲಿ ಪಟ್ಟಿಯನ್ನು ಮೀರದವರಿಗೆ ಎಂಟನೆಯ ವಾರವೂ ಓಡುವ ಅವಕಾಶ ಹೆಚ್ಚು.

ಹಂತ 5: ಯಾವಾಗ, ಎಲ್ಲಿ ಎಂಬುದನ್ನು ಮೊದಲೇ ನಿಗದಿ ಮಾಡಿ

ಪ್ರೇರಣೆಯ ಬಗ್ಗೆ ನಾನು ಬಲ್ಲ ಪ್ರಯೋಗಗಳಲ್ಲಿ 2002ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ನನಗೆ ಬಹಳ ಮುಖ್ಯವೆನಿಸುತ್ತದೆ. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ವ್ಯಾಯಾಮದಿಂದ ಹೃದಯಕ್ಕಾಗುವ ಒಳಿತನ್ನು ಮನಮುಟ್ಟುವಂತೆ ತಿಳಿಸಿದರು. ಮೂರನೆಯ ಗುಂಪು ಅದನ್ನು ತಿಳಿಯುವುದರ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೇನೆ ಎಂದು ಬರೆದುಕೊಟ್ಟಿತು. ವಾರದ ಕೊನೆಗೆ ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 35, ಮೂರನೆಯದರಲ್ಲಿ ಶೇ. 91 ಮಂದಿ ವ್ಯಾಯಾಮ ಮಾಡಿದ್ದರು. ಹುರಿದುಂಬಿಸುವ ಮಾತು ಒಂದೇ ಇದ್ದಾಗ ಅದರಿಂದ ಏನೂ ಆಗಲಿಲ್ಲ. ದಿನ, ಹೊತ್ತು, ಜಾಗ ಬರೆದಾಗ ಆಯಿತು. ಹುರಿದುಂಬಿಸುವ ವಿಡಿಯೊಗಳನ್ನು ನೋಡುತ್ತ ಕೂರುವ ಬದಲು ಈ ಕೆಲಸ ಮಾಡಿ.

ಬರೆಯುವಾಗ ವಾಕ್ಯ ಹೀಗಿರಲಿ: "ಮಂಗಳವಾರ ಬೆಳಿಗ್ಗೆ ಮುಖ ತೊಳೆದ ಕೂಡಲೇ ಬೂಟು ಕಟ್ಟಿಕೊಂಡು ಉದ್ಯಾನಕ್ಕೆ ಹೋಗುತ್ತೇನೆ." ಹಿಂದಿನಿಂದಲೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓಟವನ್ನು ಅಂಟಿಸುವುದು ಇದರ ಗುಟ್ಟು. ಅಡ್ಡಿಗಳಿಗೂ ಇಂಥದೇ ವಾಕ್ಯ ಬೇಕು: "ಮಳೆ ಬಂದರೆ ಮಧ್ಯಾಹ್ನದ ಮೇಲೆ ಹೋಗುತ್ತೇನೆ", "ಕಚೇರಿಯಲ್ಲಿ ತಡವಾದರೆ ಹತ್ತೇ ನಿಮಿಷ ಓಡುತ್ತೇನೆ". ಅಡ್ಡಿ ಎದುರಾದಾಗ ಯೋಚಿಸಲು ಕುಳಿತರೆ ಗೆಲ್ಲುವುದು ಸಾಮಾನ್ಯವಾಗಿ ಕುಂಟುನೆಪ. ಬಟ್ಟೆ, ಕಾಲುಚೀಲ, ಕೀಲಿಕೈ ಎಲ್ಲವನ್ನೂ ಹಿಂದಿನ ರಾತ್ರಿಯೇ ಒಂದೆಡೆ ಇಡಿ.

ಅಭ್ಯಾಸ 21 ದಿನಗಳಲ್ಲಿ ಬಂದುಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಹೊಸ ರೂಢಿಯೊಂದು ಯೋಚಿಸದೆಯೇ ನಡೆಯುವಂತಾಗಲು ಸುಮಾರು 66 ದಿನ ಹಿಡಿದಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಿತ್ತು. ನೀರು ಕುಡಿಯುವಂಥ ಸುಲಭದ ರೂಢಿಗಳಿಗಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕಾಯಿತು. ಅದೇ ಅಧ್ಯಯನದ ಇನ್ನೊಂದು ಸಂಗತಿ ನೆಮ್ಮದಿ ಕೊಡುವಂಥದ್ದು. ನಡುವೆ ಒಂದು ಸಲ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ತಪ್ಪಿದ ದಿನವನ್ನು ಸರಿದೂಗಿಸಲು ಮರುದಿನ ಎರಡರಷ್ಟು ಓಡುವುದು ಬೇಡ. ಪಟ್ಟಿಯಲ್ಲಿ ಮುಂದಿನದು ಏನಿದೆಯೋ ಅದನ್ನು ಮಾಡಿ.

ಹತ್ತು ನಿಮಿಷದ ಓಟವನ್ನು ಕೀಳಾಗಿ ಕಾಣಬೇಡಿ. ಅಮೆರಿಕದಲ್ಲಿ 55,137 ವಯಸ್ಕರನ್ನು ಸುಮಾರು 15 ವರ್ಷ ಅನುಸರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಡುವವರ ಸಾವಿನ ಅಪಾಯ ಓಡದವರಿಗಿಂತ ಶೇ. 30ರಷ್ಟು, ಹೃದಯ-ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 45ರಷ್ಟು ಕಡಿಮೆಯಿತ್ತು. ದಿನಕ್ಕೆ ಐದರಿಂದ ಹತ್ತು ನಿಮಿಷ ನಿಧಾನವಾಗಿ ಓಡುವವರಲ್ಲೂ ಅಪಾಯ ಗಣನೀಯವಾಗಿ ಕಡಿಮೆಯಿತ್ತು. ಆಗದ ದಿನ ಬೂಟು ಕಟ್ಟಿಕೊಂಡು ಹತ್ತು ನಿಮಿಷ ಹೋಗಿಬನ್ನಿ. ಹತ್ತು ನಿಮಿಷದ ನಂತರವೂ ಮನಸ್ಸಿಲ್ಲದಿದ್ದರೆ ನಿಶ್ಚಿಂತೆಯಿಂದ ಹಿಂತಿರುಗಿ.

ಇಷ್ಟವಾದ ಧ್ವನಿಪುಸ್ತಕವನ್ನೋ ಸಂಗೀತವನ್ನೋ ಓಡುವಾಗ ಮಾತ್ರ ಕೇಳುವುದು ಕೆಲವರಿಗೆ ಒಳ್ಳೆಯ ಸೆಳೆತವಾಗುತ್ತದೆ. ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಡಿದರೆ ಬಿಡಲಾಗದ ಕಥೆಗಳನ್ನು ವ್ಯಾಯಾಮಶಾಲೆಯಲ್ಲಷ್ಟೇ ಕೇಳುವ ಏರ್ಪಾಡು ಮಾಡಿದಾಗ ಜನ ಮೊದಮೊದಲು ಹೆಚ್ಚು ಸಲ ಬಂದರು. ನಡುವೆ ರಜೆ ಬಂದ ಮೇಲೆ ಪರಿಣಾಮ ಇಳಿಯಿತು. ಊರುಗೋಲಾಗಿ ಬಳಸಿ, ಕಾಲಿನ ಕೆಲಸವನ್ನು ಅದಕ್ಕೆ ವಹಿಸಬೇಡಿ. ವಾಹನಗಳಿರುವ ರಸ್ತೆಯಲ್ಲಿ ಕಿವಿ ತೆರೆದಿರಲಿ.

ಹಂತ 6: ನೋಡುವವರ ಕಣ್ಣಿಗೆ ಅಂಜದಿರಿ

ಹೇಳಿಕೊಳ್ಳಲು ಹಿಂಜರಿದರೂ ಬಹಳ ಜನರನ್ನು ಮನೆಯಲ್ಲೇ ಕಟ್ಟಿಹಾಕುವುದು ಈ ಸಂಕೋಚ. ದಪ್ಪಗಿರುವವರು, ವಯಸ್ಸಾದವರು, ಹೆಂಗಸರು ಇದನ್ನು ಹೆಚ್ಚು ಅನುಭವಿಸುತ್ತಾರೆ. "ಯಾರೂ ನೋಡುವುದಿಲ್ಲ" ಎಂದು ಸುಳ್ಳು ಸಮಾಧಾನ ಹೇಳುವುದಿಲ್ಲ, ಕೆಲವರು ನೋಡುತ್ತಾರೆ. ಅದೇ ಜಾಗದಲ್ಲಿ ಅದೇ ಹೊತ್ತಿಗೆ ನಿಮ್ಮನ್ನು ಮತ್ತೆ ಮತ್ತೆ ಕಂಡವರಿಗೆ ನೀವು ಬೇಗನೆ ದಿನನಿತ್ಯದ ದೃಶ್ಯವಾಗಿಬಿಡುತ್ತೀರಿ. ಮೊದಲ ವಾರಗಳಲ್ಲಿ ಓಡುವವರು, ನಡೆಯುವವರು ಸೇರುವ ಜಾಗವನ್ನು ಆರಿಸಿಕೊಳ್ಳಿ. ಅಲ್ಲಿ ಓಡುವವರನ್ನು ಕಂಡು ಯಾರೂ ಅಚ್ಚರಿಪಡುವುದಿಲ್ಲ. ಕತ್ತಲಲ್ಲಿ ಒಂಟಿಯಾಗಿ ಹೋಗಲು ಭಯವೆನಿಸಿದರೆ ಆ ಭಯಕ್ಕೆ ಬೆಲೆ ಕೊಟ್ಟು ಹೊತ್ತನ್ನೋ ಜಾಗವನ್ನೋ ಬದಲಿಸಿ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಮನೆಯವರಿಗೆ ಹೇಳಿ ಹೊರಡಿ.

ಜೊತೆ ಇದ್ದರೆ ಸಂಕೋಚ ಅರ್ಧ ಕರಗುತ್ತದೆ. ಜೊತೆಗಾರರನ್ನು ಆರಿಸುವಾಗ ಒಂದೇ ನಿಯಮ: ನಿಮ್ಮ ವೇಗದಲ್ಲಿ ಓಡಲು ಮನಸ್ಸಿರುವವರು ಆಗಬೇಕು. ವೇಗದ ಗೆಳೆಯನ ಹಿಂದೆ ಏದುಸಿರು ಬಿಡುತ್ತ ಓಡುವುದಕ್ಕಿಂತ ಒಬ್ಬರೇ ಓಡುವುದು ಮೇಲು. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರೊಂದಿಗೆ ಶುರುವಾದ, ಈಗ ಹಲವು ದೇಶಗಳಲ್ಲಿ ವಾರವಾರವೂ ಉಚಿತವಾಗಿ ನಡೆಯುವ ಪಾರ್ಕ್‌ರನ್ 5 ಕಿಲೋಮೀಟರ್ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕರಿರುತ್ತಾರೆ. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ಇಷ್ಟು ಸಣ್ಣ ಏರ್ಪಾಡಿನಲ್ಲಿ ಎಷ್ಟು ದೊಡ್ಡ ಮನಸ್ಸಿದೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಓಟದ ಗುಂಪು ಸೇರುವ ಮೊದಲು ಅಲ್ಲಿ ಹಿಂದುಳಿದವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.

ಹಂತ 7: ಬರೆದಿಡಿ, ಹೋಲಿಸಬೇಡಿ

ಓಡಿದ ದಿನಾಂಕ, ಎಷ್ಟು ನಿಮಿಷ, ಮೊದಲು ಮನಸ್ಸು ಹೇಗಿತ್ತು, ಮುಗಿದ ಮೇಲೆ ಹೇಗಿದೆ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ತಿಂಗಳ ನಂತರ "ಹೋಗಲು ಮನಸ್ಸಿರಲಿಲ್ಲ, ಬಂದ ಮೇಲೆ ಹಗುರ" ಎಂಬ ಸಾಲು ನಿಮ್ಮದೇ ಕೈಬರಹದಲ್ಲಿ ಮತ್ತೆ ಮತ್ತೆ ಕಂಡಾಗ ಅದಕ್ಕಿಂತ ಬಲವಾದ ಪ್ರೋತ್ಸಾಹ ಬೇರೆ ಬೇಕಿಲ್ಲ. ಮೊಬೈಲಿನ ಆ್ಯಪ್ ಬಳಸುವವರು ಮೊದಲ ಮೂರು ತಿಂಗಳು ವೇಗ ತೋರಿಸುವ ಭಾಗವನ್ನು ಮರೆಮಾಡಿಕೊಳ್ಳುವುದು ಒಳ್ಳೆಯದು. ಅಂಕಿ ಕಣ್ಣಿಗೆ ಬಿದ್ದರೆ ಕಾಲು ತಾನಾಗಿಯೇ ಜೋರು ಮಾಡುತ್ತದೆ, ಮೂರನೆಯ ಹಂತದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಹಂತ 8: ನೋವು ಮತ್ತು ಕಾಯಿಲೆಯ ದಿನಗಳು

ಎರಡೂ ಕಾಲಿನಲ್ಲಿ ಹರಡಿದಂತಿರುವ, ಒಂದೆರಡು ದಿನಗಳಲ್ಲಿ ಇಳಿಯುವ ಸ್ನಾಯುಗಳ ಜಡತನ ಸಹಜ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು, ಓಡಿದಷ್ಟೂ ಹೆಚ್ಚಾಗುವ ನೋವು, ಕುಂಟುವಂತೆ ಮಾಡುವ ನೋವು ಇವು ಸಹಜವಲ್ಲ. ಅಲ್ಲೇ ನಿಲ್ಲಿಸಿ, ಕೆಲವು ದಿನ ನಡಿಗೆಗೆ ಇಳಿಯಿರಿ, ಇಳಿಯದಿದ್ದರೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿರಿ. ಓಡುವಾಗ ಎದೆಯಲ್ಲಿ ನೋವು, ಕಣ್ಣು ಕತ್ತಲೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದಾಗ ಓಡಕೂಡದು.

"ಓಡಿದರೆ ಮಂಡಿ ಸವೆಯುತ್ತದೆ" ಎಂಬ ಮಾತನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸೊಂಟ ಮತ್ತು ಮಂಡಿಯ ಕೀಲುಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕುಳಿತಿರುವವರಲ್ಲಿ ಶೇ. 10.2, ಉನ್ನತ ಸ್ಪರ್ಧೆಯ ಓಟಗಾರರಲ್ಲಿ ಶೇ. 13.3 ಇತ್ತು. ಆರೋಗ್ಯವಂತರ ಮಂಡಿಗೆ ಮಿತವಾದ ಓಟದಿಂದ ಹಾನಿಯೆಂಬ ಭಯಕ್ಕೆ ಇದರಲ್ಲಿ ಆಧಾರವಿಲ್ಲ. ಈಗಾಗಲೇ ಮಂಡಿನೋವು ಇರುವವರು ವೈದ್ಯರ ಮಾತಿನಂತೆ ನಡೆಯಬೇಕು. ವಾರಕ್ಕೆ ಎರಡು ಸಲ ತೊಡೆ, ಮೀನಖಂಡ, ಸೊಂಟದ ಸ್ನಾಯುಗಳನ್ನು ಬಲಪಡಿಸುವ ಬೈಠಕ್‌ನಂಥ ಸರಳ ವ್ಯಾಯಾಮಗಳನ್ನು ಮಾಡಿದರೆ ಕಾಲುಗಳು ಓಟದ ಹೊರೆಯನ್ನು ಇನ್ನೂ ಚೆನ್ನಾಗಿ ತಾಳುತ್ತವೆ.

ಹಂತ 9: ಗುರಿ ಮುಟ್ಟಿದ ಮೇಲೆ

ಮೊದಲ 5 ಕಿಲೋಮೀಟರ್ ಓಡಿದ ಮರುವಾರ ಓಟ ನಿಂತುಹೋಗುವುದುಂಟು. ಗುರಿಯೇ ಕಾರಣವಾಗಿದ್ದರೆ ಗುರಿ ಮುಗಿದ ಕೂಡಲೇ ಕಾರಣವೂ ಮುಗಿಯುತ್ತದೆ. ಸ್ಪರ್ಧೆಗೆ ಹೆಸರು ಕೊಡುವವರು ಅದರ ಮರುವಾರದ ಓಟದ ದಿನ, ಹೊತ್ತು, ಜಾಗವನ್ನು ಸ್ಪರ್ಧೆಗೆ ಮೊದಲೇ ಬರೆದಿಟ್ಟುಕೊಳ್ಳಬೇಕು.

ಆಮೇಲೆ ಏನು ಎಂಬುದಕ್ಕೆ ದಾರಿಗಳು ಹಲವು. ವೇಗದ ಆಸೆಯಿದ್ದರೆ ಈಗ ಅದಕ್ಕೆ ಕಾಲ ಬಂದಿದೆ, ಆದರೆ ಮಿತಿಯಲ್ಲಿ. ಜಗತ್ತಿನ ಉತ್ತಮ ಸಹಿಷ್ಣುತಾ ಕ್ರೀಡಾಪಟುಗಳ ತರಬೇತಿಯನ್ನು ಪರಿಶೀಲಿಸಿದ ಸ್ಟೀಫನ್ ಸೀಲರ್, ಅವರ ಅಭ್ಯಾಸದ ಸುಮಾರು ಶೇ. 80ರಷ್ಟು ಹಗುರವಾದ ಶ್ರಮದಲ್ಲೇ ನಡೆಯುತ್ತದೆ ಎಂದು ತೋರಿಸಿದ್ದಾರೆ. ವಿಶ್ವದರ್ಜೆಯವರಿಗೇ ನಿಧಾನದ ಓಟ ಅಷ್ಟು ಬೇಕೆಂದರೆ ನಮಗೆ ಇನ್ನೂ ಹೆಚ್ಚು ಬೇಕು. ದೂರದ ಆಸೆಯಿದ್ದವರು ವಾರದ ಒಂದು ಓಟವನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಉದ್ದಮಾಡಲಿ. ಎರಡೂ ಬೇಡದವರು ಹೊಸ ದಾರಿಗಳನ್ನು ಹುಡುಕಲಿ. ಮಣ್ಣಿನ ಹಾದಿ, ಏರುತಗ್ಗು, ಕೆರೆಯಂಚು ಒಂದೊಂದೂ ಬೇರೆಯೇ ಓಟ. ವಾರಕ್ಕೆ ಮೂರು ಸಲ ಅರ್ಧ ಗಂಟೆ ಓಡುತ್ತ ವರ್ಷಗಳನ್ನು ಕಳೆಯುವವರಿಗೂ ನನ್ನ ಗೌರವವಿದೆ. ಅದೂ ಪೂರ್ಣವಾದ ಓಟದ ಬದುಕು. ಮೊದಲ ಹಂತದಲ್ಲಿ ಬರೆದ ವಾಕ್ಯವನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಿರಿ. ಕಾರಣ ಬದಲಾಗುತ್ತದೆ, ಬದಲಾಗಬೇಕು.

ಹಂತ 10: ಬಿಟ್ಟುಹೋದಾಗ ಮರಳುವುದು

ಪರೀಕ್ಷೆ, ಹೆರಿಗೆ, ಸಾವು, ವರ್ಗಾವಣೆ, ಕಾಯಿಲೆ ಯಾವುದೋ ಒಂದರಿಂದ ಓಟ ನಿಂತೇ ನಿಲ್ಲುತ್ತದೆ. ಹಾಗಾಗಿ ಮರಳುವುದನ್ನೂ ಕಲಿಯಬೇಕು. ಒಂದು ವಾರ ತಪ್ಪಿದರೆ ದೇಹ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ, ನಿಲ್ಲಿಸಿದಲ್ಲಿಂದಲೇ ಮುಂದುವರಿಯಿರಿ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ಅಭ್ಯಾಸವನ್ನು ನಿಲ್ಲಿಸಿ ಪರೀಕ್ಷಿಸಿದಾಗ, ಮೂರು ವಾರಗಳಲ್ಲಿ ಅವರ ಗರಿಷ್ಠ ಆಮ್ಲಜನಕ ಬಳಕೆಯ ಸಾಮರ್ಥ್ಯ ಸುಮಾರು ಶೇ. 7ರಷ್ಟು ಇಳಿದಿತ್ತು. ಎರಡು ಮೂರು ವಾರ ಬಿಟ್ಟವರು ಹಿಂದೆ ಓಡುತ್ತಿದ್ದ ಸಮಯದ ಅರ್ಧದಿಂದ ಶುರುಮಾಡಿ ಎರಡು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರಬಹುದು. ಒಂದೆರಡು ತಿಂಗಳು ಬಿಟ್ಟವರು ಪಟ್ಟಿಯ ಐದನೆಯ ವಾರಕ್ಕೆ ಹಿಂತಿರುಗಲಿ, ಅದೂ ಭಾರವಾದರೆ ಮೂರನೆಯದಕ್ಕೆ.

ಅದಕ್ಕಿಂತ ಹೆಚ್ಚು ಕಾಲ ಬಿಟ್ಟವರು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದಲೇ ಆರಂಭಿಸಲಿ. ಹಿಂದಿನ ವೇಗದ ನೆನಪು ಕಾಲನ್ನು ಜಗ್ಗುತ್ತದೆ, ಉಸಿರೂ ಬೇಗ ಮರಳುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಮಾತ್ರ ಹೊಸಬರಂತೆಯೇ ಕಾಲಾವಕಾಶ ಕೇಳುತ್ತವೆ. ಹಳೆಯ ದಾಖಲೆ ಬರೆದಿಟ್ಟ ಪುಸ್ತಕವನ್ನು ಒಂದು ತಿಂಗಳು ತೆರೆಯದೆ, ಹೊಸ ಪುಟದಲ್ಲಿ ದಿನಾಂಕ ಹಾಕಿ ಬರೆಯತೊಡಗಿ. ಮೊದಲ ಓಟದ ದಿನ, ಹೊತ್ತು, ಜಾಗ ಇವತ್ತು ರಾತ್ರಿಯೇ ಆ ಪುಟಕ್ಕೆ ಇಳಿಯಲಿ.